ಬೇರೆಯವರ ಹೊಲದಲ್ಲಿ ನಮ್ಮ ಚರಗ

ಬೆಳಗಿನ ಜಾವ ನಾಲ್ಕಕ್ಕೆ ಅವ್ವ ಒಲೆ ಹಚ್ಚಿದಳು. ನಾನು ಹಾಸಿಗೆಯಲ್ಲೇ ಇದ್ದೆ, ಎಚ್ಚರ ಮಾತ್ರ ಆಗಿತ್ತು. ಪರಾತಕ್ಕೆ ಹಿಟ್ಟು ಸುರಿದ ಸದ್ದು. ಕುದಿಯುವ ಎಸರು ಹಿಟ್ಟಿಗೆ ಬಿದ್ದ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಶುರುವಾಯಿತು ನೋಡಿ, ಟಪ್ ಟಪ್ ಟಪ್ ಟಪ್, ರೊಟ್ಟಿ ಬಡಿಯುವ ಸದ್ದು. ಗೋಡೆಯಾಚೆ ಚಿಗವ್ವನ ಮನೆಯಲ್ಲೂ ಅದೇ. ಅವ್ವನದು ನಿಧಾನ, ಚಿಗವ್ವನದು ಸ್ವಲ್ಪ ಅವಸರ. ಕಣ್ಣು ಮುಚ್ಚಿಕೊಂಡೇ ಇದು ಯಾರ ಕೈ ಅಂತ ಹೇಳಬಲ್ಲೆ. ಈ ಸದ್ದಿಗೆ ಎದ್ದು ನಾಲ್ಕು ವರ್ಷವಾಗಿತ್ತು.

ಮೊನ್ನೆ 2025ರ ಡಿಸೆಂಬರ್ 19, ಶುಕ್ರವಾರ, ಎಳ್ಳ ಅಮಾವಾಸ್ಯೆ. ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ನಮ್ಮೂರಿಗೆ ಈ ಹಬ್ಬಕ್ಕೆ ಅಂತಲೇ ರಜೆ ಹಾಕಿ ಬಂದಿದ್ದೇನೆ. 2022ರಿಂದ ನಾವು ಆಸ್ಟ್ರೇಲಿಯಾದ ತೂವೂಂಬಾದಲ್ಲಿದ್ದೇವೆ. ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ಸುಮಾರು 125 ಕಿಲೋಮೀಟರ್, ಗುಡ್ಡದ ನೆತ್ತಿಯ ಮೇಲಿನ ಊರು. ಮನೆಯವರಿಗೆ ಅಲ್ಲಿ ಕೆಲಸ. ನಾನು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಮಾಡುತ್ತೇನೆ. ಮಗಳಿಗೆ ಈಗ ಏಳು ವರ್ಷ.

ದಕ್ಷಿಣದ ಕಡೆಯ ಗೆಳತಿಯರಿಗೆ ಎಳ್ಳ ಅಮಾವಾಸ್ಯೆ ಅಂದರೆ ಏನು ಅಂತ ಹೇಳಿ ಹೇಳಿ ನನಗೆ ರೂಢಿಯಾಗಿದೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಅಲ್ಲ ಇದು. ಮಾರ್ಗಶಿರ ಮಾಸದ ಅಮಾವಾಸ್ಯೆ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಅದೇ ಜಿಲ್ಲೆಯ ಗಂಗಾವತಿಗೆ ತುಂಗಭದ್ರೆಯ ಕಾಲುವೆ ನೀರು ಬರುತ್ತದೆ, ಅವರು ಭತ್ತ ಬೆಳೆಯುತ್ತಾರೆ. ನಮ್ಮ ಕಡೆ ಮಳೆಯೇ ಗತಿ. ಹಸ್ತ, ಚಿತ್ತಿ ಮಳೆಯ ಹಸಿ ನೋಡಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೂ ಸರಿ, ಬರದಿದ್ದರೂ ಸರಿ. ಮಣ್ಣು ಹಿಡಿದಿಟ್ಟುಕೊಂಡ ಹಸಿ ಮತ್ತು ಚಳಿಗಾಲದ ಇಬ್ಬನಿ, ಇಷ್ಟರಲ್ಲೇ ಬೆಳೆ ಬರಬೇಕು. ಎಳ್ಳ ಅಮಾವಾಸ್ಯೆ ಹೊತ್ತಿಗೆ ಜೋಳ ಹೊಡೆ ಹಿರಿದಿರುತ್ತದೆ. ತೆನೆ ಇನ್ನೂ ಗರಿಯ ಒಳಗೇ ಇರುತ್ತದೆ, ಅಥವಾ ಆಗಷ್ಟೇ ಇಣುಕಿರುತ್ತದೆ. ಭೂಮಿತಾಯಿ ಬಸುರಿ ಅನ್ನುತ್ತಾರೆ. ಬಸುರಿಗೆ ಬಯಕೆ ಊಟ ಕೊಡಬೇಕಲ್ವಾ? ಆ ಊಟವೇ ಚರಗ.

ಮನೆಯಲ್ಲಿ ಮಾಡಿದ ಅಷ್ಟೂ ಅಡುಗೆ ಬುಟ್ಟಿಯಲ್ಲಿ ತುಂಬಿ, ಮೇಲೆ ಬಟ್ಟೆ ಕಟ್ಟಿ, ಹೊಲಕ್ಕೆ ಹೋಗುತ್ತೇವೆ. ಮೊದಲು ಎತ್ತಿನ ಬಂಡಿ ಇತ್ತು, ಈಗ ಟ್ರ್ಯಾಕ್ಟರ್. ಹೊಲದಲ್ಲಿ ಐದು ಕಲ್ಲು ಆರಿಸಿ ತೊಳೆದು ಸುಣ್ಣ ಹಚ್ಚಿ ಸಾಲಾಗಿ ಇಡುತ್ತೇವೆ. ಅವರೇ ಪಾಂಡವರು. ಪೂಜೆ ಮಾಡಿ ಎಡೆ ಹಿಡಿದ ಮೇಲೆ ಎಲ್ಲಾ ಅಡುಗೆ ಸ್ವಲ್ಪ ಸ್ವಲ್ಪ ಒಂದು ಪಾತ್ರೆಯಲ್ಲಿ ಕಲಸಿಕೊಂಡು ಒಬ್ಬರು ಹೊಲದ ಸುತ್ತ ಚೆಲ್ಲುತ್ತಾ ನಡೆಯುತ್ತಾರೆ. ಹಿಂದೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾ ಬರುತ್ತಾರೆ. ಮುಂದಿನವರು "ಹುಲ್ಲುಲ್ಲಿಗೋ" ಅಂತ ಕೂಗಿದರೆ ಹಿಂದಿನವರು "ಚಲ್ಲಂಬ್ರಿಗೋ" ಅನ್ನಬೇಕು. ಊರಿಂದ ಊರಿಗೆ ಈ ಕೂಗು ಬದಲಾಗುತ್ತದೆ. ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಚೆಲ್ಲಿದ ಅನ್ನಕ್ಕೆ ಹಕ್ಕಿ ಬರುತ್ತವೆ, ಬಂದ ಹಕ್ಕಿ ಬೆಳೆಯ ಹುಳು ತಿನ್ನುತ್ತವೆ, ಅದಕ್ಕೇ ಹಿರಿಯರು ಹೀಗೆ ಮಾಡಿದರು ಅಂತ ವಿಜ್ಞಾನ ಹೇಳುವವರೂ ಇದ್ದಾರೆ. ಇರಬಹುದು. ನನಗೆ ಆ ಲೆಕ್ಕ ಬೇಡ. ಬಸುರಿಗೆ ಉಣ್ಣಿಸುವುದು ಅನ್ನುವ ಮಾತೇ ನನಗೆ ಸಾಕು.

ಅಲ್ಲಿಗೆ ಹೋದ ಮೊದಲ ವರ್ಷ, 2022ರ ಡಿಸೆಂಬರ್ 23ಕ್ಕೆ ಎಳ್ಳ ಅಮಾವಾಸ್ಯೆ ಬಂತು. ಬೆಂಗಳೂರಿನ ಒಂದು ಕುಟುಂಬ, ದಾವಣಗೆರೆಯ ಇಬ್ಬರು, ಕರ್ನೂಲಿನ ಗಂಡ-ಹೆಂಡತಿ, ಇಷ್ಟು ಜನರನ್ನು ಊಟಕ್ಕೆ ಕರೆದೆ. ಮೇಲಿನ ಮಹಡಿಯ ಬಾಡಿಗೆ ಮನೆ. ಹೊರಗೆ ಉರಿ ಬಿಸಿಲು. ಅಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ಅಂಗಡಿಯಿಂದ ಜೋಳದ ಹಿಟ್ಟಿನ ಪ್ಯಾಕೆಟ್ ತಂದಿದ್ದೆ.

ಆ ಹಿಟ್ಟಿನ ಕಥೆ ಹೇಳಲೇಬೇಕು. ಗೋಧಿಯ ಹಾಗೆ ಜೋಳಕ್ಕೆ ತನ್ನಷ್ಟಕ್ಕೆ ಅಂಟಿಕೊಳ್ಳುವ ಗುಣ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬೆಂದು ಜಿಗಿ ಬಿಡಬೇಕು. ಆ ಜಿಗಿ ಹೊಸ ಹಿಟ್ಟಿಗೆ ಇರುತ್ತದೆ. ಗಿರಣಿಯಿಂದ ಬಂದು ತಿಂಗಳುಗಟ್ಟಲೆ ಆದ ಹಿಟ್ಟಿಗೆ ಎಷ್ಟು ಬಿಸಿ ನೀರು ಹಾಕಿದರೂ ಜಿಗಿ ಬರುವುದಿಲ್ಲ. ನಮ್ಮೂರ ಹೆಣ್ಣುಮಕ್ಕಳಿಗೆ ಇದು ಮೂಗಿನಲ್ಲೇ ಗೊತ್ತಾಗುತ್ತದೆ. ಹಿಟ್ಟು ಮೂಸಿ ನೋಡಿ "ಹಳೇದೈತಿ" ಅಂತ ಪಕ್ಕಕ್ಕಿಡುತ್ತಾರೆ. ನಾನು ಮೂಸಿರಲಿಲ್ಲ. ಬಡಿಯಲು ಶುರು ಮಾಡಿದರೆ ಅಂಚು ಬಿರಿಯಿತು. ಬೆರಳಿನಿಂದ ಕೂಡಿಸಿದೆ. ಇನ್ನೊಂದು ಕಡೆ ಬಿರಿಯಿತು. ಹೇಗೋ ಅಂಗೈ ಅಗಲ ಮಾಡಿ ಹಂಚಿಗೆ ಹಾಕಲು ಎತ್ತಿದರೆ ಎರಡು ಹೋಳು. ಮೇಲೆ ನೀರು ಸವರಿ, ಆ ನೀರು ಆರುವ ತನಕ ಕಾದು ತಿರುವಬೇಕು. ತಿರುವಿದೆ, ಮೂರು ಹೋಳಾಯಿತು. ಎಂಟು ರೊಟ್ಟಿಯಲ್ಲಿ ಒಂದೂ ಉಬ್ಬಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅವ್ವನಿಗೆ ಫೋನ್ ಮಾಡಿದೆ.

"ಯವ್ವಾ, ಹರದು ಹೊಂಟಾವ."

"ಹಿಟ್ಟು ಹಳೇದೈತಿ. ಬಿಡು, ಅದಕ್ಕ ಸ್ವಲ್ಪ ಗೋದಿ ಹಿಟ್ಟು ಕೂಡಿಸಿ ಚಪಾತಿ ಹಂಗ ಲಟ್ಟಿಸು. ಮಂದಿ ಹಸದಾರು."

ಹಾಗೇ ಮಾಡಿದೆ. ಎಣಗಾಯಿ ಚೆನ್ನಾಗಿತ್ತು, ಶೇಂಗಾ ಹೋಳಿಗೆ ಚೆನ್ನಾಗಿತ್ತು, ಬಂದವರು ತುಂಬಾ ಖುಷಿಯಾಗಿ ಉಂಡರು. ಉಣ್ಣುವ ಮುಂಚೆ ಬಾಲ್ಕನಿಯ ಪುದೀನ ಕುಂಡಕ್ಕೆ ಒಂದು ತುತ್ತು ಹಾಕಿ, ಎರಡು ಹನಿ ನೀರು ಹಾಕಿ ಕೈ ಮುಗಿದೆ. ಸಂಜೆ ಅಪ್ಪ ಫೋನ್ ಮಾಡಿದ.

"ಹೊಲಕ್ಕ ಹೋಗಿದ್ರೇನವಾ?"

"ಇಲ್ಲಪ್ಪಾ, ಮನ್ಯಾಗ ಮಾಡಿದ್ವಿ."

"ಹಂಗಾರ ಉಂಡೀರಿ. ಚರಗ ಆಗಿಲ್ಲ."

ಅಪ್ಪ ಬೈದದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಇಡೀ ದಿನ ನಾನು ಬಂದವರ ತಟ್ಟೆಯನ್ನೇ ನೋಡುತ್ತಿದ್ದೆ. ಯಾರಿಗೆ ಖಾರ ಆಯಿತು, ಯಾರಿಗೆ ಇನ್ನೊಂದು ಹೋಳಿಗೆ ಬೇಕು ಅಂತ. ಯಾರ ಸಲುವಾಗಿ ಈ ಅಡುಗೆಯೋ ಆಕೆಯೇ ಪಂಕ್ತಿಯಲ್ಲಿ ಇರಲಿಲ್ಲ. ನಮ್ಮ ಕಡೆ ಈ ಹಬ್ಬದಲ್ಲಿ ಮನೆಯವರು, ನೆಂಟರು, ಹೊಲ ಇಲ್ಲದ ನೆರೆಯವರು, ಪೇಟೆಯಿಂದ ಬಂದ ಸ್ನೇಹಿತರು ಎಲ್ಲರೂ ಉಣ್ಣುತ್ತಾರೆ. ಆದರೆ ಎಲ್ಲರದೂ ಎರಡನೇ ಪಂಕ್ತಿ. ಮೊದಲ ಊಟ ಮಣ್ಣಿನದು. ಪರದೇಶದಲ್ಲಿ ಹಬ್ಬದ ಊಟ ಹಾಕುವಾಗ ನಾವೆಲ್ಲ ಸಾಮಾನಿಗಾಗಿ ಒದ್ದಾಡುತ್ತೇವೆ. ಬದನೆಕಾಯಿ ಸಿಗಲಿಲ್ಲ, ಬೆಲ್ಲ ಸರಿಯಿಲ್ಲ, ಹಿಟ್ಟು ಹಳೆಯದು. ಅದು ನಿಜವಾದ ಒದ್ದಾಟವೇ. ಆದರೆ ಊಟ ಯಾರಿಗೆ ಅನ್ನುವುದನ್ನು ನಾನು ಊರಲ್ಲೇ ಬಿಟ್ಟು ವಿಮಾನ ಹತ್ತಿದ್ದೆ.

ಮುಂದಿನ ವರ್ಷ ದಾರಿ ತೋರಿಸಿದ್ದು ನಾನು ಕೆಲಸ ಮಾಡುವ ಕಡೆ ಇರುವ ಒಬ್ಬ ಅಜ್ಜ. ಹೆಸರು ಬೇಡ. ನಾನು ಅವರನ್ನು ಮನಸ್ಸಿನಲ್ಲಿ ಅಜ್ಜ ಅಂತಲೇ ಕರೆಯುತ್ತೇನೆ. ಎಂಬತ್ತು ದಾಟಿದವರು, ಗಾಲಿಕುರ್ಚಿಯಲ್ಲೇ ಓಡಾಟ. ಒಂದು ದಿನ ಅವರಿಗೆ ಚಹಾ ಕೊಡುವಾಗ ನನ್ನ ಫೋನ್ ಮೇಜಿನ ಮೇಲಿತ್ತು. ಪರದೆಯ ಮೇಲೆ ನಮ್ಮ ಹೊಲದ ಚಿತ್ರ, ಜೋಳದ ನಡುವೆ ಅಪ್ಪ ನಿಂತಿದ್ದಾನೆ. ಅಜ್ಜ ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಸೋರ್ಗಮ್. ಎಲ್ಲಿಯದು?"

"ನಮ್ಮೂರದು. ನಮ್ಮಪ್ಪನ ಹೊಲ."

"ಇಷ್ಟು ಎತ್ತರ? ಕೊಯ್ಯುವುದು ಹೇಗೆ? ಮಣ್ಣು ಕಪ್ಪಾ?"

ನಾನು ಕೂತುಬಿಟ್ಟೆ. ಅಜ್ಜ ಐವತ್ತು ವರ್ಷ ಡಾಲ್ಬಿ ಅನ್ನುವ ಊರಿನ ಕಡೆ ಜೋಳ ಬೆಳೆದವರು. ತೂವೂಂಬಾದ ಗುಡ್ಡ ಇಳಿದು ಪಶ್ಚಿಮಕ್ಕೆ ಹೋದರೆ ಡಾರ್ಲಿಂಗ್ ಡೌನ್ಸ್ ಅನ್ನುವ ಬಯಲು ಸೀಮೆ. ಅಲ್ಲಿಯದು ಅಪ್ಪಟ ಎರಿ ಮಣ್ಣು. ಮಣ್ಣಿನ ವಿಜ್ಞಾನದವರು ನಮ್ಮದನ್ನು ವರ್ಟಿಸಾಲ್ ಅನ್ನುತ್ತಾರೆ, ಅವರದನ್ನು ವರ್ಟೊಸಾಲ್ ಅನ್ನುತ್ತಾರೆ, ಒಂದೇ ಜಾತಿ. ಮಳೆ ಬಂದರೆ ಉಬ್ಬಿ ಕಾಲಿಗೆ ಕಿಲೋಗಟ್ಟಲೆ ಮೆತ್ತುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಬೆಳೆಯೂ ನಮ್ಮವೇ. ಜೋಳ, ಕಡಲೆ, ಹತ್ತಿ, ಹೆಸರು. ಅಲ್ಲಿ ಬೆಳೆದ ಕಡಲೆ ಹಡಗು ಹತ್ತಿ ನಮ್ಮ ದೇಶಕ್ಕೂ ಬರುತ್ತದೆ. ಅಲ್ಲಿಂದ ಉತ್ತರಕ್ಕೆ ಕಿಂಗರಾಯ್ ಅಂತ ಊರಿದೆ, ಶೇಂಗಾಕ್ಕೆ ಹೆಸರಾದದ್ದು. ಒಂದೂವರೆ ವರ್ಷ ನಾನು ಆ ಗುಡ್ಡದ ಮೇಲೇ ಇದ್ದೆ. ಕೆಳಗೆ ನಮ್ಮ ಊಟದ ತಟ್ಟೆ ಪೂರ್ತಿ ಹರಡಿಕೊಂಡಿದ್ದು ನನಗೆ ಗೊತ್ತೇ ಇರಲಿಲ್ಲ!

"ನಾವು ಇದನ್ನು ದನಕ್ಕೆ ಹಾಕುತ್ತೇವೆ. ನೀವು?" ಅಂತ ಅಜ್ಜ ಕೇಳಿದರು. ದಿನಾ ಎರಡು ಹೊತ್ತು ಉಣ್ಣುತ್ತೇವೆ ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಐವತ್ತು ವರ್ಷ ಬೆಳೆದದ್ದನ್ನು ಒಂದು ದಿನವೂ ತಿಂದಿರಲಿಲ್ಲ ಅವರು. ಆಮೇಲೆ ಒಂದೇ ಮಾತು, "ನನಗೆ ಒಂದು ತಂದುಕೊಡು."

ಚರಗದ ಮಾತು ಅಲ್ಲಿಂದಲೇ ಬಂತು. ಹೊಲವನ್ನು ಈಗ ಅಜ್ಜನ ಮಗ ನೋಡಿಕೊಳ್ಳುತ್ತಾರೆ. ಆತ ಮೊದಲು ಕೇಳಿದ್ದು, "ಬೆಂಕಿ ಹಚ್ಚುತ್ತೀರಾ?" ಇಲ್ಲ ಅಂದೆ. "ಎಷ್ಟು ಅನ್ನ ಚೆಲ್ಲುತ್ತೀರಿ?" ಒಂದು ಬೋಗುಣಿ ಅಂದೆ. "ಕಾಳು, ಬೀಜ ಏನೂ ಬೇಡ, ಬೇಯಿಸಿದ್ದು ಮಾತ್ರ. ಬರುವಾಗ ಕಾರಿನ ಚಕ್ರ ತೊಳೆದುಕೊಂಡು ಬನ್ನಿ. ಪಾರ್ಥೇನಿಯಂ ಬೀಜ ಚಕ್ರಕ್ಕೆ ಅಂಟಿಕೊಂಡು ಬರುತ್ತದೆ" ಅಂದರು. ಪಾರ್ಥೇನಿಯಂ ಅಂದರೆ ನಮ್ಮ ಕಾಂಗ್ರೆಸ್ ಕಸ. ಅಪ್ಪ ಬದುವಿನ ಮೇಲೆ ಕಿತ್ತು ಕಿತ್ತು ಸೋತ ಗಿಡ. ಅದು ಅವರಿಗೂ ಶತ್ರು ಅಂತ ಕೇಳಿ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ "ಅಲ್ಲಿಗೂ ಹೋಗೈತೇನು ಅದು!" ಅಂದ. ಚಕ್ರ ತೊಳೆಯಿರಿ ಅಂದಾಗಲೇ ನನಗೆ ಈ ಮನುಷ್ಯನ ಮೇಲೆ ನಂಬಿಕೆ ಬಂತು. ಹೊಲದ ಮೇಲೆ ಜೀವ ಇಟ್ಟವರು ಹೀಗೇ ಇರುತ್ತಾರೆ.

ಆ ಸಲ ಎಳ್ಳ ಅಮಾವಾಸ್ಯೆ 2024ರ ಜನವರಿ 11, ಗುರುವಾರ. ಈ ಬಾರಿ ಹಿಟ್ಟು ತರಲಿಲ್ಲ. ಬ್ರಿಸ್ಬೇನ್‌ನ ಅಂಗಡಿಯಿಂದ ಬಿಳಿ ಜೋಳದ ಕಾಳನ್ನೇ ತಂದೆ. ಹಿಂದಿನ ರಾತ್ರಿ ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಉಳಿದ ನುಚ್ಚು ಮತ್ತೆ ಮಿಕ್ಸಿಗೆ ಹಾಕಿ, ಮತ್ತೆ ಜರಡಿ. ಎರಡು ತಾಸು ಹಿಡಿಯಿತು. ಹಿಟ್ಟಿಗೆ ಮೂಗು ಹಚ್ಚಿದೆ. ನಮ್ಮೂರ ಗಿರಣಿಯ ಮುಂದೆ ಸರದಿಗೆ ನಿಂತ ವಾಸನೆ. ಪುಂಡಿ ಪಲ್ಲೆಯ ಸೊಪ್ಪು ಸಿಕ್ಕಿದ್ದು ಇನ್ನೊಂದು ಸೋಜಿಗ. ಪಕ್ಕದ ಮನೆಯ ಹೆಂಗಸು ಹಿತ್ತಲಲ್ಲಿ ರೊಸೆಲ್ಲಾ ಅನ್ನುವ ಗಿಡ ಬೆಳೆಸಿದ್ದರು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದರ ಕೆಂಪು ಕಾಯಿಯಿಂದ ಜಾಮ್ ಮಾಡುತ್ತಾರೆ. ಎಲೆ ಹರಿದು ಬಾಯಿಗೆ ಹಾಕಿಕೊಂಡರೆ ಅದೇ ಹುಳಿ! ಕೇಳಿದೆ, ಎರಡು ಚೀಲ ಎಲೆ ಕೊಟ್ಟರು. "ಇದನ್ನು ತಿನ್ನುತ್ತಾರಾ?" ಅಂದರು. ಸಂಜೆ ಒಂದು ಬಟ್ಟಲು ಪಲ್ಲೆ ಕೊಟ್ಟೆ. ಈಗ ಅವರೂ ಎಲೆ ಎಸೆಯುವುದಿಲ್ಲ.

ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ತಾಸು ವ್ಯತ್ಯಾಸ. ಅವ್ವ ನಾಲ್ಕಕ್ಕೆ ಒಲೆ ಹಚ್ಚಿದರೆ ನನಗೆ ಆಗ ಎಂಟೂವರೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟುಕೊಂಡೆ. ಅಲ್ಲಿ ಅವ್ವ ಬಡಿಯುತ್ತಿದ್ದಾಳೆ, ಇಲ್ಲಿ ನಾನು. ಮಾತು ಕಡಿಮೆ. ನಡುನಡುವೆ ಅವ್ವ ಪರದೆಗೆ ಮುಖ ತಂದು "ಅಂಚಿಗೆ ಜ್ವಾಕಿ, ನಡುವ ಬಡೀಬ್ಯಾಡ" ಅನ್ನುವಳು. ಮೊದಲನೆಯದು ಹರಿಯಿತು. ಎರಡನೆಯದು ದಪ್ಪ ಆಯಿತು. ಮೂರನೆಯದು ತಿರುವಿದ ಮೇಲೆ ಅಂಚನ್ನು ಬಟ್ಟೆಯಿಂದ ಒತ್ತಿದೆ. ನಡುವೆ ಸಣ್ಣ ಗುಳ್ಳೆ ಎದ್ದಿತು. ಆ ಗುಳ್ಳೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು, ಇನ್ನೊಂದು ಗುಳ್ಳೆ ಸೇರಿತು, ಇಡೀ ರೊಟ್ಟಿ ಉಸಿರು ತಗೊಂಡ ಹಾಗೆ ಎದ್ದು ನಿಂತಿತು. ನಾನು ಕೂಗಿದ್ದಕ್ಕೆ ಮಗಳು ಓಡಿ ಬಂದಳು. ಫೋನಿನಲ್ಲಿ ಅವ್ವ ತಲೆ ಎತ್ತದೆ ತನ್ನ ರೊಟ್ಟಿ ಬಡಿಯುತ್ತಾ "ಬಂತು ಹೌದಿಲ್ಲೋ" ಅಂದಳು. ಆ ದಿನ ನಲವತ್ತು ರೊಟ್ಟಿ ಮಾಡಿದೆ.

ಆದರೆ ಅದೇ ಬೆಳಿಗ್ಗೆ ನನಗೆ ಒಂದು ಸಂಕಟವೂ ಇತ್ತು. 2023ರಲ್ಲಿ ರಾಜ್ಯಕ್ಕೆ ಎಂಥ ಬರ ಬಂದಿತ್ತು ಅಂತ ಎಲ್ಲರಿಗೂ ನೆನಪಿರಬೇಕು. ಒಟ್ಟು 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ನಮ್ಮ ಹೊಲದಲ್ಲಿ ಬಿತ್ತಿದ ಜೋಳ ಮೊಣಕಾಲುದ್ದ ಬಂದು ನಿಂತುಬಿಟ್ಟಿತ್ತು. ಗರಿ ಸುರುಳಿ ಸುತ್ತಿತ್ತು. ಹೊಡೆ ಎಲ್ಲಿಯದು? ಕಡಲೆ ಅಲ್ಲೊಂದು ಇಲ್ಲೊಂದು. ಅಲ್ಲಿ ಡೌನ್ಸ್‌ನಲ್ಲಿ ಮಳೆ ಚೆನ್ನಾಗಿ ಆಗಿ ಜೋಳ ಹಸಿರಾಗಿ ನಿಂತಿದೆ. ನಾನು ಬುಟ್ಟಿ ತುಂಬಿಕೊಂಡು ಬೇರೆಯವರ ಬಸುರಿ ಹೊಲಕ್ಕೆ ಹೊರಟಿದ್ದೇನೆ. ನಮ್ಮ ಹೊಲ ಬರಿದಾಗಿದೆ. ಅವ್ವನಿಗೆ ಕೇಳಿದೆ, "ಈ ವರ್ಷ ಯಾಕ ಇಷ್ಟು ಮಾಡಾಕತ್ತೀ? ಬೆಳಿ ಇಲ್ಲ ಅಂತೀ."

ಅವ್ವ ಕೈ ನಿಲ್ಲಿಸಿ ಫೋನ್ ಕಡೆ ನೋಡಿದಳು.

"ಬೆಳಿ ಕೊಟ್ಟಾಗಷ್ಟ ಉಣಸಾದೇನವಾ? ಈ ವರ್ಷ ಆಕಿ ಉಪಾಸ ಅದಾಳ. ಉಪಾಸ ಇದ್ದಾಕಿಗೆ ಮೊದ್ಲು ನೀಡಬೇಕು."

ಅಷ್ಟು ಹೇಳಿ ಮತ್ತೆ ಬಡಿಯಲು ಶುರು ಮಾಡಿದಳು. ನಾನು ಚರಗವನ್ನು ಒಂದು ಥರದ ಕೊಡು-ಕೊಳ್ಳುವುದು ಅಂದುಕೊಂಡಿದ್ದೆ. ನೀನು ಬೆಳೆ ಕೊಡುತ್ತೀ, ನಾವು ಊಟ ಕೊಡುತ್ತೇವೆ ಅಂತ. ಮೂವತ್ತು ವರ್ಷ ಹೊಲದಲ್ಲಿ ಕೂತು ಉಂಡಿದ್ದೇನೆ, ಇದು ನನಗೆ ಹೊಳೆದಿರಲಿಲ್ಲ. ಹುಟ್ಟಿದಾಗಿಂದ ಕಂಡದ್ದನ್ನು ಕೇಳಿ ತಿಳಿದುಕೊಳ್ಳಲು ಒಂಬತ್ತು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ನಿಲ್ಲಬೇಕಾಯಿತು.

ನಮ್ಮ ಮೂರೂವರೆಗೆ ಊರಲ್ಲಿ ಹನ್ನೊಂದು. ಎರಡೂ ಕಡೆ ಒಟ್ಟಿಗೇ ಚರಗ ಚೆಲ್ಲೋಣ ಅಂತ ಅಪ್ಪ ಹೇಳಿದ್ದ. ನಾವು ಹನ್ನೆರಡು ಜನ ಹೋಗಿದ್ದೆವು. ಅಜ್ಜನನ್ನು ಮಗ ವ್ಯಾನಿನಲ್ಲಿ ಕರೆತಂದಿದ್ದರು. ಅಲ್ಲಿನ ಜೋಳ ನಮ್ಮ ಹಾಗೆ ಆಳೆತ್ತರ ಇಲ್ಲ, ಯಂತ್ರದಿಂದ ಕೊಯ್ಯಲು ಅಂತ ಗಿಡ್ಡ ತಳಿ. ತೆನೆ ಕೆಂಪು. ನಮ್ಮ ಮಾಲದಂಡಿ ಜೋಳ ನೋಡಿದ ಕಣ್ಣಿಗೆ ಮೊದಲು ಪರಕೀಯ ಅನ್ನಿಸಿತು. ಹತ್ತಿರ ಹೋಗಿ ಗರಿ ಸವರಿದರೆ ಅದೇ ಒರಟು, ಗಾಳಿಗೆ ಅದೇ ಸರಸರ. ಹೊಲದ ಅಂಚಿನ ನೀಲಗಿರಿ ಮರದ ಕೆಳಗೆ ಚಾಪೆ ಹಾಸಿದೆವು. ಆ ಕಪ್ಪು ಮಣ್ಣಿನಲ್ಲಿ ಕಲ್ಲು ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಅಜ್ಜನ ಮಗ ಶೆಡ್ಡಿನ ಹಿಂದಿನಿಂದ ಐದು ತಂದುಕೊಟ್ಟರು. ಸುಣ್ಣ ಇರಲಿಲ್ಲ, ವಿಭೂತಿ ಹಚ್ಚಿದೆ. ಕುಂಕುಮ, ಹೂವು, ಎಡೆ.

ಪೂಜೆ ಮಾಡುವಾಗ ಅಜ್ಜ ಮಗನಿಗೆ ಏನೋ ಹೇಳಿದರು. ಮಗ ಬಗ್ಗಿ ಒಂದು ಹೆಂಟೆ ಕಿತ್ತು ಅಪ್ಪನ ಕೈಗಿಟ್ಟರು. ಅಜ್ಜ ಹೆಬ್ಬೆರಳಿನಿಂದ ಅದನ್ನು ಒಡೆದರು. ಒಳಗಿನ ಮಣ್ಣನ್ನು ಅಂಗೈಯಲ್ಲಿ ಹಿಡಿದು ಮುಷ್ಟಿ ಕಟ್ಟಿದರು, ಬಿಚ್ಚಿದರು. ಮಣ್ಣು ಉಂಡೆಯಾಗಿ ನಿಂತಿತ್ತು, ಬೆರಳಿನ ಗುರುತು ಅದರ ಮೇಲೆ ಮೂಡಿತ್ತು. ಅವರು ತಲೆ ಅಲ್ಲಾಡಿಸಿದರು. ಬಿತ್ತುವ ಮುಂಚೆ ನಮ್ಮಪ್ಪ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮಾಡುವುದು ಇದನ್ನೇ. ಇದೇ ಹೆಬ್ಬೆರಳು, ಇದೇ ಮುಷ್ಟಿ. ಆಮೇಲೆ "ಹಸಿ ಐತಿ" ಅನ್ನುತ್ತಾನೆ. ಅಜ್ಜ ತಮ್ಮ ಭಾಷೆಯಲ್ಲಿ ಅದನ್ನೇ ಹೇಳಿದರು. ಉಗುರ ಸಂದಿನ ಆ ಮಣ್ಣನ್ನು ಅವರು ಊಟಕ್ಕೆ ಮುಂಚೆ ಒರೆಸಿಕೊಳ್ಳಲೂ ಇಲ್ಲ.

ಮನೆಯವರು ಫೋನ್ ಹಿಡಿದುಕೊಂಡು ಪಕ್ಕಕ್ಕೆ ಬಂದರು. ಪರದೆಯಲ್ಲಿ ನಮ್ಮ ಹೊಲ. ಬಿರುಕು ಬಿಟ್ಟ ನೆಲ, ಒಣಗಿದ ಗರಿ, ಬಿಳಿ ಪಂಚೆಯ ಅಪ್ಪ, ಹಿಂದೆ ತಂಬಿಗೆ ಹಿಡಿದ ಅವ್ವ. ಅಪ್ಪ ಕೂಗಿದ. "ಹುಲ್ಲುಲ್ಲಿಗೋ..."

ಇಲ್ಲಿ ನನ್ನ ಕೈಯಲ್ಲಿ ಬೋಗುಣಿ, ಮಗಳ ಕೈಯಲ್ಲಿ ನೀರಿನ ತಂಬಿಗೆ. ನಾವಿಬ್ಬರೂ ಒಟ್ಟಿಗೆ "ಚಲ್ಲಂಬ್ರಿಗೋ" ಅಂದೆವು. ಒಂದು ಹಿಡಿ ಚೆಲ್ಲಿದೆ. ರೊಟ್ಟಿ, ಹೋಳಿಗೆ, ಪುಂಡಿ ಪಲ್ಲೆ, ಮೊಸರು ಬುತ್ತಿ ಎಲ್ಲ ಕಲಸಿದ ಹಿಡಿ. ಅಪ್ಪ ಮತ್ತೆ ಕೂಗಿದ. ನೆಟ್‌ವರ್ಕ್ ಸರಿ ಇರಲಿಲ್ಲ, ಕೂಗು ತಡವಾಗಿ ಬರುತ್ತಿತ್ತು. ನಮ್ಮ ಉತ್ತರ ಅಲ್ಲಿಗೆ ಇನ್ನೂ ತಡವಾಗಿ ಮುಟ್ಟುತ್ತಿತ್ತು. ಅಪ್ಪ ನಿಂತು ಕಾಯುತ್ತಿದ್ದ. ನಾವು ಹಸಿರು ಜೋಳದ ಪಕ್ಕ ಒಂದೊಂದೇ ಹೆಜ್ಜೆ, ಅವರು ಒಣ ಜೋಳದ ನಡುವೆ ಒಂದೊಂದೇ ಹೆಜ್ಜೆ. ನಾಲ್ಕನೇ ಸಲಕ್ಕೆ ಸಂಪರ್ಕ ಕಡಿದು ಹೋಯಿತು. ಆಮೇಲೆ ಮಗಳೇ ಮುಂದೆ ಬಂದು "ಹುಲ್ಲುಲ್ಲಿಗೋ" ಅಂತ ಕೂಗಲು ಶುರು ಮಾಡಿದಳು. ಬೋಗುಣಿ ಖಾಲಿಯಾಗುವ ತನಕ ನಿಲ್ಲಿಸಲಿಲ್ಲ. ನಾವು ಊಟಕ್ಕೆ ಕೂರುವ ಮುಂಚೆಯೇ ಗುಲಾಬಿ ಎದೆಯ ಗಲಾ ಗಿಳಿಗಳು ಬಂದು ಚರಗದ ಮೇಲೆ ಇಳಿದವು. ಅಜ್ಜನ ಮಗನಿಗೆ ಆ ಗಿಳಿಗಳೆಂದರೆ ಆಗುವುದಿಲ್ಲ, ಜೋಳದ ತೆನೆಗೆ ಬೀಳುತ್ತವೆ. ಆ ದಿನ ಮಾತ್ರ ಓಡಿಸಲಿಲ್ಲ.

ಅಜ್ಜನಿಗೆ ರೊಟ್ಟಿ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಿಸಿ ಆರಿ ಸ್ವಲ್ಪ ಗಟ್ಟಿಯಾಗಿತ್ತು. ಹಲ್ಲಿಲ್ಲ, ಅಗಿಯಲು ಆಗಲಿಲ್ಲ. ನಮ್ಮ ಅಮ್ಮ, ಅಂದರೆ ಅಪ್ಪನ ಅವ್ವ, ಕೊನೆಗಾಲದಲ್ಲಿ ಹೇಗೆ ತಿನ್ನುತ್ತಿದ್ದಳು ಅಂತ ನೆನಪಾಯಿತು. ಮೊಸರಿನಲ್ಲಿ ಮುರಿದು ನೆನೆಹಾಕಿ, ಮೇಲೆ ಶೇಂಗಾ ಚಟ್ನಿ ಉದುರಿಸಿ ಕೊಟ್ಟೆ. ಬಟ್ಟಲು ಖಾಲಿ ಮಾಡಿದರು. ಇನ್ನೊಂದು ಅಂದರು.

2024ರ ಡಿಸೆಂಬರ್ 30ಕ್ಕೆ ಮತ್ತೆ ಅಲ್ಲೇ ಮಾಡಿದೆವು. ಆ ಸಲ ಮಾತು ಹರಡಿ ನಲವತ್ತು ಜನ ಬಂದರು, ಬ್ರಿಸ್ಬೇನ್‌ನಿಂದಲೂ ಬಂದರು. ಊಟ ಭರ್ಜರಿಯಾಗಿತ್ತು. ಆದರೆ ಚರಗ ಚೆಲ್ಲುವಾಗ ಅರ್ಧ ಜನ ಫೋಟೋ ತೆಗೆಯುತ್ತಿದ್ದರು, ಇನ್ನರ್ಧ ಆಗಲೇ ತಟ್ಟೆ ಹಿಡಿದಿದ್ದರು. ಯಾರನ್ನೂ ದೂರುವುದಿಲ್ಲ, ಎಲ್ಲರಿಗೂ ಹಸಿವಾಗಿತ್ತು, ಹಸಿವಿಗಿಂತ ಜಾಸ್ತಿ ಊರಿನ ನೆನಪು ಕಾಡಿತ್ತು. ಆದರೂ ಎಳ್ಳ ಅಮಾವಾಸ್ಯೆ ಬರೀ ಉತ್ತರ ಕರ್ನಾಟಕದ ಊಟದ ಹಬ್ಬ ಆಗಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಇಲ್ಲಿ ಊರಲ್ಲೂ ಹಾಗೆ ಆಗುತ್ತಿದೆ. ಇನ್ನೊಮ್ಮೆ ಮಾಡಿದರೆ ನಾನೇ ಎಲ್ಲರಿಗೂ ಮೊದಲೇ ಹೇಳುತ್ತೇನೆ, ಬೋಗುಣಿ ಖಾಲಿಯಾಗುವ ತನಕ ಯಾರೂ ತಟ್ಟೆ ಮುಟ್ಟಬೇಡಿ ಅಂತ.

ಈ ಸಲ ನಮ್ಮ ಹೊಲದಲ್ಲಿ ಜೋಳ ಅಪ್ಪನ ಎತ್ತರ ದಾಟಿದೆ. ಹೊಡೆ ಹಿರಿದಿದೆ. ಇನ್ನು ಕೆಲವು ವಾರಕ್ಕೆ ಹಾಲುಗಾಳು, ಆಮೇಲೆ ಸೀತನಿ, ಅಂದರೆ ಎಳೆ ತೆನೆ, ಸುಡುವ ಕಾಲ. ಆಗ ನಾನು ಇರುವುದಿಲ್ಲ. ಅಪ್ಪನ ದನಿ ಸ್ವಲ್ಪ ಇಳಿದಿದೆ. ಎರಡು ಸಲ ಕೂಗಿ ಕೆಮ್ಮಿದ. ಮೊಮ್ಮಗಳು ಬೋಗುಣಿ ಕಿತ್ತುಕೊಂಡು ಮುಂದೆ ಓಡಿದಳು. ಅವಳ "ಹುಲ್ಲುಲ್ಲಿಗೋ" ಕೇಳಿ ಪಕ್ಕದ ಹೊಲದ ಕಾಕಾ ಬಂದು "ಇಂಗ್ಲಿಷ್ ಸಾಲಿ ಹುಡುಗಿ ಇದನ್ನ ಎಲ್ಲಿ ಕಲ್ತಳು?" ಅಂತ ಕೇಳಿದ. "ಹೊಲದಾಗ" ಅಂದಳು ಅವಳು.

ಹಬ್ಬ ಮುಗಿದರೂ ಅವ್ವನ ಬಡಿತ ನಿಂತಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರ್ ತುಂಬಾ ರೊಟ್ಟಿ ಹೋಗುತ್ತದೆ. ಓಣಿಯ ಹೆಣ್ಣುಮಕ್ಕಳು ದಿನಾ ಮಧ್ಯಾಹ್ನ ಒಂದೊಂದು ಮನೆಯ ಪಡಸಾಲೆಯಲ್ಲಿ ಸೇರುತ್ತಾರೆ. ನಾನೂ ಕೂತಿದ್ದೇನೆ. ನನ್ನ ರೊಟ್ಟಿ ಈಗ ಹರಿಯುವುದಿಲ್ಲ, ಆದರೆ ದುಂಡಗೆ ಬರಲು ಇನ್ನೂ ಟೈಮ್ ಬೇಕು. ಅವ್ವ ನನ್ನವನ್ನು ನಡುನಡುವೆ ಸೇರಿಸಿ ಪೇರಿಸುತ್ತಾಳೆ.

ನಿನ್ನೆ ರಾತ್ರಿ ಅವ್ವ ಇನ್ನೊಂದು ಗಂಟು ಕಟ್ಟುತ್ತಿದ್ದಳು. ಕಡಕ್ ರೊಟ್ಟಿ, ನನಗೆ ಒಯ್ಯಲು. ಜೋಳದ ಕಾಳು ಕೊಡುತ್ತೇನೆ ಅಂತ ಹಟ ಮಾಡಿದ್ದಳು, ಬೇಡ ಅಂದೆ. ಆಸ್ಟ್ರೇಲಿಯಾದಲ್ಲಿ ಇಳಿದಾಗ ತಂದ ತಿನಿಸನ್ನೆಲ್ಲ ಕಾರ್ಡಿನಲ್ಲಿ ಬರೆದು ತೋರಿಸಬೇಕು, ಬೀಜದ ವಿಷಯದಲ್ಲಿ ಅವರು ಬಹಳ ಬಿಗಿ. ರೊಟ್ಟಿ ಬರೆದು ತೋರಿಸುತ್ತೇನೆ, ಬಿಟ್ಟರೆ ಒಯ್ಯುತ್ತೇನೆ ಅಂದೆ. ಅವ್ವ ಇಪ್ಪತ್ತು ಎಣಿಸಿ ಒಂದು ಬಟ್ಟೆಯಲ್ಲಿ ಕಟ್ಟಿದಳು. ಆಮೇಲೆ ತೆಳ್ಳಗಿನ ಐದು ಆರಿಸಿ, ಬೆಳಕಿಗೆ ಹಿಡಿದು ನೋಡಿ, ಬೇರೆ ಬಟ್ಟೆಯಲ್ಲಿ ಇಟ್ಟಳು.

"ಇವು ಆ ಅಜ್ಜಗ. ಹಲ್ಲಿಲ್ಲ ಅಂದಿದ್ದಿ. ನೀರು ಚಿಮುಕಿಸಿ, ಬಟ್ಟಿ ಮುಚ್ಚಿ ಸ್ವಲ್ಪ ಹೊತ್ತು ಇಡು. ಮೆತ್ತಗ ಆಕ್ಕಾವ."